ಮೂಳೆ ಕ್ಯಾನ್ಸರಿಗೆ ಒಂದೇ ಮದ್ದು ಯಾಕೆ ಸಾಲದು?



ಕ್ಯಾನ್ಸರ್ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಬರೋದು ಏನು? ಗುಟ್ಕಾ ಪೊಟ್ಟಣದ ಮೇಲಿನ ಚಿತ್ರ, ಬೀಡಿ ಸೇದಿ ಕೆಮ್ಮುವ ತಾತ, ಸಿನಿಮಾ ಶುರುವಾಗೋಕೆ ಮುಂಚೆ ತೋರಿಸುವ ಆ ಜಾಹೀರಾತು. ನಾವು ಮೇಷ್ಟ್ರುಗಳೂ ತರಗತಿಯಲ್ಲಿ ಹೆಚ್ಚಾಗಿ ಅದನ್ನೇ ಹೇಳುತ್ತೇವೆ. ತಪ್ಪೇನಿಲ್ಲ, ಹೇಳಲೇಬೇಕು. ಆದರೆ ತಂಬಾಕಿನ ಮುಖವನ್ನೇ ನೋಡದ, ನಿಮ್ಮದೇ ವಯಸ್ಸಿನ ಹುಡುಗ ಹುಡುಗಿಯರಿಗೆ ಬರುವ ಕ್ಯಾನ್ಸರೂ ಒಂದಿದೆ. ಅದರ ಹೆಸರು ಆಸ್ಟಿಯೋಸಾರ್ಕೋಮಾ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್. 10ರಿಂದ 20 ವರ್ಷದ ಒಳಗೆ, ಅಂದರೆ ಮೂಳೆಗಳು ಸರಸರ ಉದ್ದ ಬೆಳೆಯುವ ಕಾಲದಲ್ಲಿ ಜಾಸ್ತಿ. ಮೊಣಕಾಲಿನ ಸುತ್ತ ಜಾಸ್ತಿ, ಅದು ಬಿಟ್ಟರೆ ಭುಜದ ಹತ್ತಿರ. ಹುಡುಗಿಯರಿಗಿಂತ ಹುಡುಗರಲ್ಲಿ ಸ್ವಲ್ಪ ಹೆಚ್ಚು.

ಹೆದರಬೇಡಿ, ಇದು ಬಹಳ ಅಪರೂಪದ ರೋಗ. ಕಬಡ್ಡಿ ಆಡಿ ಬಂದ ಸಂಜೆ ಮೊಣಕಾಲು ನೋಯುತ್ತದೆ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಂತ ಕೂರಬಾರದು. ಹಾಗಾದರೆ ಅಪರೂಪದ ರೋಗದ ಬಗ್ಗೆ ಇಷ್ಟುದ್ದ ಯಾಕೆ ಬರೀಬೇಕು ಅಂತೀರಾ? ಎರಡು ಕಾರಣ. ಒಂದು, ಈ ರೋಗದ ಚಿಕಿತ್ಸೆಯ ಕಥೆ ನಿಮ್ಮ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಒಂದೇ ಕಡೆ ಕಟ್ಟಿಹಾಕುತ್ತದೆ. ಇನ್ನೊಂದು, ಇದರಲ್ಲಿ ಪ್ರಾಣ ಹೋಗೋದು ಎಷ್ಟೋ ಸಲ ಮದ್ದು ಇಲ್ಲದ್ದಕ್ಕಲ್ಲ, ಮದ್ದನ್ನು ಅರ್ಧಕ್ಕೆ ಬಿಟ್ಟಿದ್ದಕ್ಕೆ, ಇಲ್ಲಾ ತಡವಾಗಿ ಶುರು ಮಾಡಿದ್ದಕ್ಕೆ. "ಗಡ್ಡೆ ತೆಗೆದಾಯ್ತಲ್ಲ, ಇನ್ನು ಆ ಇಂಜೆಕ್ಷನ್ ಯಾಕೆ?" ಅನ್ನೋ ಮಾತು ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಆ ಮಾತು ಯಾಕೆ ತಪ್ಪು ಅಂತ ಹತ್ತನೇ ತರಗತಿಯ ಹುಡುಗಿಯೊಬ್ಬಳು ತನ್ನ ಅಪ್ಪನಿಗೆ ಬಿಡಿಸಿ ಹೇಳುವಷ್ಟು ವಿಜ್ಞಾನ ನಮ್ಮ ಶಾಲೆಗಳಲ್ಲಿ ಕಲಿಸಬೇಕು ಅನ್ನೋದು ನನ್ನ ವಾದ.

ನಿಮ್ಮ ಹೊಲದ ಬದುವಿನಲ್ಲಿ ಕಾಂಗ್ರೆಸ್ ಗಿಡ ನೋಡಿದ್ದೀರಿ. ಅದು ಹೂಬಿಟ್ಟು, ಬೀಜ ಉದುರಿದ ಮೇಲೆ ಗಿಡವನ್ನು ಬುಡಸಮೇತ ಕಿತ್ತರೂ ಏನು ಪ್ರಯೋಜನ? ಹೊಲ ಇವತ್ತು ಚೊಕ್ಕಟ ಕಾಣುತ್ತದೆ. ಒಂದು ಮಳೆ ಬಿದ್ದರೆ ಮತ್ತೆ ಹಸಿರು. ಮೂಳೆ ಕ್ಯಾನ್ಸರೂ ಹಾಗೇ. ಕಾಲಿನಲ್ಲಿ ಗಡ್ಡೆ ಕಾಣಿಸಿಕೊಳ್ಳುವ ಹೊತ್ತಿಗೇ ಅದರಿಂದ ಕೆಲವು ಜೀವಕೋಶಗಳು ಕಳಚಿ, ರಕ್ತದ ಜೊತೆ ಹರಿದು, ಹೆಚ್ಚಿನ ಸಲ ಶ್ವಾಸಕೋಶಕ್ಕೆ ಹೋಗಿ ಕೂತುಬಿಟ್ಟಿರುತ್ತವೆ. ಯಾಕೆ ಶ್ವಾಸಕೋಶಕ್ಕೇ? ಪಾಠದಲ್ಲಿ ಓದಿದ ರಕ್ತಪರಿಚಲನೆ ನೆನಪು ಮಾಡಿಕೊಳ್ಳಿ. ಕಾಲಿನಿಂದ ಹೊರಟ ಅಶುದ್ಧ ರಕ್ತ ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ನೇರ ಹೋಗೋದು ಶ್ವಾಸಕೋಶದ ಸಣ್ಣ ಸಣ್ಣ ಲೋಮನಾಳಗಳಿಗೆ. ಮೊದಲು ಸಿಗುವ ಜರಡಿ ಅದೇ. ಜರಡಿಯಲ್ಲಿ ಸಿಕ್ಕಿಕೊಂಡ ಆ ಜೀವಕೋಶಗಳು ಎಷ್ಟು ಸಣ್ಣವು ಅಂದರೆ ಸಿಟಿ ಸ್ಕ್ಯಾನಿನಲ್ಲೂ ಕಾಣಿಸೋದಿಲ್ಲ. ಸ್ಕ್ಯಾನಿನಲ್ಲಿ ಕಾಣುವಷ್ಟು ದೊಡ್ಡದಾಗಿ ಹರಡಿರುವುದು ಮೊದಲ ತಪಾಸಣೆಯಲ್ಲೇ ಗೊತ್ತಾಗೋದು 100ಕ್ಕೆ 15-20 ಮಂದಿಯಲ್ಲಿ ಮಾತ್ರ. ಉಳಿದವರಲ್ಲಿ ಬಹುಪಾಲು ಮಂದಿಗೆ ಹರಡಿರುತ್ತದೆ, ಆದರೆ ಕಾಣಿಸೋದಿಲ್ಲ.

ಇದು ಗೊತ್ತಾಗಿದ್ದು ಹೇಗೆ? ದುಃಖದ ದಾರಿಯಲ್ಲಿ. 1970ರ ದಶಕಕ್ಕಿಂತ ಮುಂಚೆ ಈ ರೋಗಕ್ಕೆ ಇದ್ದ ಚಿಕಿತ್ಸೆ ಕಾಲು ಕತ್ತರಿಸೋದು, ಅಷ್ಟೇ. ಗಡ್ಡೆಯ ಒಂದು ಚೂರನ್ನೂ ಬಿಡದೆ ತೆಗೆದರೂ 100ಕ್ಕೆ ಸುಮಾರು 80 ಮಂದಿ ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಿದ್ದರು, ಬಹುತೇಕ ಶ್ವಾಸಕೋಶದಲ್ಲಿ ಗಡ್ಡೆ ಎದ್ದು. ಆಮೇಲೆ ಕೆಲವು ಆಸ್ಪತ್ರೆಗಳು ಔಷಧಿ ಕೊಡೋಕೆ ಶುರು ಮಾಡಿದವು, ಬದುಕುವವರ ಸಂಖ್ಯೆ ಏರಿತು. ಆದರೆ ಎಲ್ಲರೂ ಒಪ್ಪಲಿಲ್ಲ. "ಔಷಧಿಯಿಂದ ಅಲ್ಲ, ಶಸ್ತ್ರಚಿಕಿತ್ಸೆ ಈಗ ಸುಧಾರಿಸಿದೆ, ಅದಕ್ಕೇ ಬದುಕುತ್ತಿದ್ದಾರೆ" ಅಂತ ದೊಡ್ಡ ದೊಡ್ಡ ವೈದ್ಯರೇ ವಾದಿಸಿದರು. ಬಾಯಿಮಾತಿನಲ್ಲಿ ತೀರುವ ಜಗಳ ಅಲ್ಲ ಅದು. ಅಮೆರಿಕದಲ್ಲಿ 1980ರ ದಶಕದ ಮೊದಲಲ್ಲಿ ಒಂದು ಪ್ರಯೋಗ ನಡೆಯಿತು. ಶಸ್ತ್ರಚಿಕಿತ್ಸೆ ಆದ ರೋಗಿಗಳನ್ನು, ಅವರ ಒಪ್ಪಿಗೆ ಪಡೆದು, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಲವು ಔಷಧಿಗಳ ಸಂಯೋಜಿತ ಚಿಕಿತ್ಸೆ. ಇನ್ನೊಂದು ಗುಂಪಿಗೆ ಔಷಧಿ ಇಲ್ಲ, ಬರೀ ನಿಗಾ. 1986ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡು ವರ್ಷದ ಹೊತ್ತಿಗೆ ರೋಗ ಮರುಕಳಿಸದೆ ಉಳಿದವರು, ಔಷಧಿ ಪಡೆದ ಗುಂಪಿನಲ್ಲಿ 100ಕ್ಕೆ 66. ಪಡೆಯದ ಗುಂಪಿನಲ್ಲಿ 100ಕ್ಕೆ 17.

ಆ 17ಕ್ಕೂ 66ಕ್ಕೂ ಇರುವ ಅಂತರವನ್ನು ಒಂದು ಗಳಿಗೆ ನೋಡಿ. ಎರಡೂ ಗುಂಪಿನಲ್ಲಿ ಗಡ್ಡೆ ಪೂರ್ತಿ ತೆಗೆದಿದ್ದರು. "ಗಡ್ಡೆ ತೆಗೆದಾಯ್ತಲ್ಲ" ಅನ್ನುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಈಗ ಆ ಔಷಧಿಗಳ ವಿಷಯಕ್ಕೆ ಬರೋಣ. ಜಗತ್ತಿನ ಹೆಚ್ಚಿನ ಕಡೆ ಮುಖ್ಯವಾಗಿ ಬಳಸುವುದು ಮೂರು: ಮೆಥೋಟ್ರೆಕ್ಸೇಟ್, ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್. ಮೂರೂ ಹುಟ್ಟಿದ ಕಥೆ ಒಂದಕ್ಕಿಂತ ಒಂದು ವಿಚಿತ್ರ.

ಮೊದಲನೆಯದರ ಹಿಂದೆ ಇರುವವರು ನಮ್ಮ ಆಂಧ್ರದವರೇ, ಯಲ್ಲಾಪ್ರಗಡ ಸುಬ್ಬಾರಾವ್. 1895ರಲ್ಲಿ ಭೀಮವರದಲ್ಲಿ ಹುಟ್ಟಿದವರು, ಮದರಾಸಿನಲ್ಲಿ ವೈದ್ಯ ಓದಿ 1923ರಲ್ಲಿ ಅಮೆರಿಕಕ್ಕೆ ಹೋದವರು. ಅಲ್ಲಿನ ಲೆಡರ್ಲಿ ಕಂಪನಿಯ ಪ್ರಯೋಗಾಲಯದಲ್ಲಿ ಅವರ ತಂಡ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡುತ್ತಿತ್ತು. ಸೊಪ್ಪಿನಲ್ಲಿ ಇರುವ, ಹೊಸ ಜೀವಕೋಶ ಆಗೋಕೆ ಬೇಕೇಬೇಕಾದ ಜೀವಸತ್ವ ಅದು. ಬಸುರಿ ಹೆಂಗಸರಿಗೆ ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಇದೂ ಸೇರಿರುತ್ತದೆ. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಒಂದು ವಿಷಯ ಗಮನಿಸಿದರು: ರಕ್ತದ ಕ್ಯಾನ್ಸರ್ ಇರುವ ಮಕ್ಕಳಿಗೆ ಫೋಲಿಕ್ ಆಮ್ಲ ಕೊಟ್ಟರೆ ರೋಗ ಇನ್ನೂ ಜೋರಾಗುತ್ತದೆ. ಹಾಗಾದರೆ ಫೋಲಿಕ್ ಆಮ್ಲದ ಹಾಗೇ ಕಾಣುವ, ಆದರೆ ಅದರ ಕೆಲಸ ಮಾಡದ, ಒಂದು ನಕಲಿ ಅಣು ಕೊಟ್ಟರೆ? ಬೀಗಕ್ಕೆ ಹೊಂದುವ, ಆದರೆ ತಿರುಗದ ಕೀಲಿಕೈ ಇದ್ದ ಹಾಗೆ. ಸುಬ್ಬಾರಾವ್ ಅವರ ತಂಡ ಅಂಥ ಅಣುಗಳನ್ನು ತಯಾರಿಸಿಕೊಟ್ಟಿತು. ಮೊದಲು ಅಮಿನಾಪ್ಟೆರಿನ್, ಆಮೇಲೆ ಮೆಥೋಟ್ರೆಕ್ಸೇಟ್. 1948ರಲ್ಲಿ ಫಾರ್ಬರ್ ತಮ್ಮ ವರದಿ ಪ್ರಕಟಿಸಿದರು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬಾರಾವ್ ತೀರಿಕೊಂಡರು, ತಮ್ಮ ಅಣು ಮುಂದೆ ಎಷ್ಟು ಜೀವ ಉಳಿಸುತ್ತದೆ ಅಂತ ನೋಡದೆ. ನಮ್ಮ ಎಷ್ಟೋ ಪಠ್ಯಪುಸ್ತಕಗಳಲ್ಲಿ ಅವರ ಹೆಸರಿಗೆ ಒಂದು ಸಾಲೂ ಸಿಗೋದಿಲ್ಲ. ಇದು ನನಗೆ ಮೊದಲಿಂದಲೂ ಬೇಸರದ ಸಂಗತಿ.

ಮೂಳೆ ಕ್ಯಾನ್ಸರಿಗೆ ಈ ಔಷಧಿಯನ್ನು ಕೊಡೋ ರೀತಿ ಕೇಳಿದರೆ ಮೈ ಜುಂ ಅನ್ನುತ್ತದೆ. ಸಾಮಾನ್ಯ ಪ್ರಮಾಣಕ್ಕೆ ಇದು ಬಗ್ಗೋದಿಲ್ಲ. ಹಾಗಾಗಿ ಮನುಷ್ಯನನ್ನೇ ಕೊಲ್ಲುವಷ್ಟು ಹೆಚ್ಚು ಪ್ರಮಾಣದಲ್ಲಿ ಕೊಟ್ಟು, ಸುಮಾರು ಒಂದು ದಿನ ಕಳೆದ ಮೇಲೆ ಲ್ಯೂಕೊವೊರಿನ್ ಅನ್ನುವ ಪ್ರತಿಮದ್ದು ಕೊಟ್ಟು ಒಳ್ಳೆಯ ಜೀವಕೋಶಗಳನ್ನು ಉಳಿಸಿಕೊಳ್ಳುತ್ತಾರೆ. 1970ರ ದಶಕದಲ್ಲಿ ಬಾಸ್ಟನ್‌ನಲ್ಲಿ ನಾರ್ಮನ್ ಜಾಫೆ ಅನ್ನುವ ವೈದ್ಯರು ಇದನ್ನು ಮೂಳೆ ಕ್ಯಾನ್ಸರಿಗೆ ಬಳಸಿದರು. ಗಂಟೆ ಲೆಕ್ಕ ತಪ್ಪುವ ಹಾಗಿಲ್ಲ. ರಕ್ತದಲ್ಲಿ ಔಷಧಿ ಎಷ್ಟು ಉಳಿದಿದೆ ಅಂತ ಮತ್ತೆ ಮತ್ತೆ ಅಳೆಯಬೇಕು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದು ಡಾಕ್ಸೋರುಬಿಸಿನ್. ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಒಂದು ಘಮ ಬರುತ್ತದಲ್ಲ, ಆ ಘಮಕ್ಕೆ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾಗಳ ವಂಶದ್ದೇ ಒಂದು ಈ ಮದ್ದನ್ನು ತಯಾರಿಸುತ್ತದೆ. ದಕ್ಷಿಣ ಇಟಲಿಯಲ್ಲಿ 13ನೇ ಶತಮಾನದ ಒಂದು ಕೋಟೆಯ ಬಳಿ ತೆಗೆದ ಮಣ್ಣಿನಲ್ಲಿ 1950ರ ದಶಕದಲ್ಲಿ ಅದು ಸಿಕ್ಕಿತು. (ನಮ್ಮ ಪೆನುಕೊಂಡ ಕೋಟೆಯ ಮಣ್ಣಿನಲ್ಲಿ ಏನೇನಿದೆಯೋ, ಯಾರು ಹುಡುಕಿದ್ದಾರೆ?) ಮಾಣಿಕ್ಯದ ಹಾಗೆ ಕೆಂಪು ಬಣ್ಣ. ಇದನ್ನು ಹಾಕಿಸಿಕೊಂಡ ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ಗೊತ್ತಿಲ್ಲದ ಮಕ್ಕಳು ರಕ್ತ ಅಂತ ಬೆಚ್ಚಿಬೀಳುತ್ತಾರೆ. ಇದು ಡಿಎನ್‌ಎ ಎಳೆಗಳ ನಡುವೆ ನುಗ್ಗಿ ಕೂತು ಜೀವಕೋಶ ಎರಡಾಗದಂತೆ ಮಾಡುತ್ತದೆ. ಇದರ ಅಪಾಯ ಹೃದಯಕ್ಕೆ. ಆದ್ದರಿಂದ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಅನ್ನೋ ಮಿತಿ ಇದೆ.

ಮೂರನೆಯದು ಸಿಸ್‌ಪ್ಲಾಟಿನ್. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಅನ್ನುವ ಅಮೆರಿಕದ ಭೌತವಿಜ್ಞಾನಿ, ವಿದ್ಯುತ್ ಹರಿಸಿದರೆ ಜೀವಕೋಶಗಳ ವಿಭಜನೆಗೆ ಏನಾಗುತ್ತದೆ ಅಂತ ನೋಡಹೊರಟರು. ದ್ರಾವಣದಲ್ಲಿ ಬ್ಯಾಕ್ಟೀರಿಯಾ ಬಿಟ್ಟು ಪ್ಲಾಟಿನಂ ವಿದ್ಯುದ್ವಾರ ಇಟ್ಟು ಕರೆಂಟು ಹಾಯಿಸಿದರು. ಬ್ಯಾಕ್ಟೀರಿಯಾಗಳು ಎರಡಾಗೋದನ್ನು ನಿಲ್ಲಿಸಿ ಶಾವಿಗೆ ಎಳೆಯ ಹಾಗೆ ಉದ್ದಕ್ಕೆ ಬೆಳೆದುಬಿಟ್ಟವು! ಕರೆಂಟಿನ ಮಹಿಮೆ ಅಂದುಕೊಂಡರೆ ಅಲ್ಲ. ವಿದ್ಯುದ್ವಾರದ ಪ್ಲಾಟಿನಂ ಚೂರು ಚೂರೇ ಕರಗಿ, ದ್ರಾವಣದ ಅಮೋನಿಯಂ ಲವಣದ ಜೊತೆ ಕೂಡಿ ಹೊಸ ಸಂಯುಕ್ತ ಆಗಿತ್ತು. ಪ್ಲಾಟಿನಂ ಜಡ ಲೋಹ, ಯಾವುದರ ಜೊತೆಗೂ ಸುಲಭಕ್ಕೆ ಸೇರೋದಿಲ್ಲ ಅಂತ ನಾವು ಹೇಳಿಕೊಡುತ್ತೇವೆ. ಅದೇ ನಂಬಿಕೆಯಿಂದ ಅವರು ಅದನ್ನು ಬಳಸಿದ್ದು. ಅಲ್ಲಿಂದ ಹುಟ್ಟಿದ ಮದ್ದು 1978ರಲ್ಲಿ ಅಮೆರಿಕದಲ್ಲಿ ಬಳಕೆಗೆ ಒಪ್ಪಿಗೆ ಪಡೆಯಿತು. ಇದರ ತೊಂದರೆ ಮೂತ್ರಪಿಂಡಕ್ಕೆ ಮತ್ತು ಕಿವಿಗೆ. ಕೆಲವು ಮಕ್ಕಳಿಗೆ ಸಣ್ಣ ದನಿಗಳು ಕೇಳಿಸದೆ ಹೋಗುತ್ತವೆ.

ಮೂರೂ ಇಷ್ಟು ಕಠಿಣ ಅಂದಮೇಲೆ, ಅದರಲ್ಲಿ ಒಳ್ಳೆಯದೊಂದನ್ನು ಆರಿಸಿ ಅದನ್ನೇ ಕೊಡಬಾರದಾ? ಇದಕ್ಕೆ ಗಣಿತವೇ ಉತ್ತರ ಹೇಳಲಿ. ಪೆನ್ನು ತಗೊಳ್ಳಿ.

ಒಂದು ಗ್ರಾಂ ಗಡ್ಡೆಯಲ್ಲಿ ಸುಮಾರು 100 ಕೋಟಿ ಜೀವಕೋಶ. ಕ್ಯಾನ್ಸರ್ ಜೀವಕೋಶಗಳು ವಿಭಜನೆ ಆಗುವಾಗ ಡಿಎನ್‌ಎ ನಕಲಿನಲ್ಲಿ ತಪ್ಪುಗಳಾಗುತ್ತವೆ, ಅಂದರೆ ಉತ್ಪರಿವರ್ತನೆ. ಅಕಸ್ಮಾತ್ತಾಗಿ ಕೆಲವು ಜೀವಕೋಶಗಳಿಗೆ ಒಂದು ಮದ್ದಿಗೆ ಬಗ್ಗದ ಗುಣ ಬಂದುಬಿಡುತ್ತದೆ. ಲೆಕ್ಕಕ್ಕೆ, 10 ಲಕ್ಷಕ್ಕೆ ಒಂದು ಅಂತ ಇಟ್ಟುಕೊಳ್ಳಿ. ಮೊದಲನೇ ಮದ್ದು ಕೊಟ್ಟರೆ 100 ಕೋಟಿಯಲ್ಲಿ ಉಳಿಯೋದು 1,000 ಜೀವಕೋಶ. ಸ್ಕ್ಯಾನಿನಲ್ಲಿ ಗಡ್ಡೆ ಮಾಯ, ಮನೆಯವರಿಗೆಲ್ಲ ಸಂತೋಷ. ಆದರೆ ಆ ಸಾವಿರವೂ ಮದ್ದಿಗೆ ಬಗ್ಗದ ಜಾತಿ. ಅವೇ ಬೆಳೆದು ಮತ್ತೆ ಗಡ್ಡೆಯಾದರೆ ಪೂರ್ತಿ ಬಗ್ಗದ ಗಡ್ಡೆ. ಈಗ ಬೇರೆ ರೀತಿ ಕೆಲಸ ಮಾಡುವ ಎರಡನೇ ಮದ್ದನ್ನೂ ಜೊತೆಗೇ ಕೊಟ್ಟರೆ? ಅದಕ್ಕೂ 10 ಲಕ್ಷಕ್ಕೆ ಒಂದೇ ಬಗ್ಗದ್ದು ಅಂದುಕೊಂಡರೆ, ಎರಡಕ್ಕೂ ಬಗ್ಗದ ಜೀವಕೋಶ ಸಿಗೋದು 10 ಲಕ್ಷ ಗುಣಿಸು 10 ಲಕ್ಷಕ್ಕೆ ಒಂದು, ಅಂದರೆ 1 ಲಕ್ಷ ಕೋಟಿಗೆ ಒಂದು. ನಮ್ಮ ಗಡ್ಡೆಯಲ್ಲಿ ಅಷ್ಟು ಜೀವಕೋಶವೇ ಇಲ್ಲ. ಗಡ್ಡೆ ಒಂದು ಗ್ರಾಂ ಅಲ್ಲ, 100 ಗ್ರಾಂ ಆದರೆ? ಆಗ 10,000 ಕೋಟಿ. ಎರಡಕ್ಕೂ ಬಗ್ಗದ್ದು ಒಂದು ಇರುವ ಸಂಭವ ಹತ್ತರಲ್ಲಿ ಒಂದು. ಮೂರನೇ ಮದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ? ಸಂಖ್ಯೆಗಳು ನಾನು ಲೆಕ್ಕಕ್ಕೆ ಹಿಡಿದವು, ನಿಜವಾದ ಗಡ್ಡೆ ಇಷ್ಟು ಸಾಧು ಅಲ್ಲ. ಒಳಗೆ ಬಂದ ಮದ್ದುಗಳನ್ನು ಒಟ್ಟೊಟ್ಟಿಗೆ ಹೊರಕ್ಕೆ ತಳ್ಳುವ ಪಂಪು ಬೆಳೆಸಿಕೊಂಡ ಜೀವಕೋಶಗಳೂ ಇರುತ್ತವೆ. ಆದರೂ ತರ್ಕ ಇದೇ.

ಈ ತರ್ಕ ಮೊದಲು ಕಲಿಸಿಕೊಟ್ಟಿದ್ದು ಕ್ಷಯರೋಗ. ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟಿಬಿಗೆ ಮೊದಲ ಎರಡು ತಿಂಗಳು ನಾಲ್ಕು ಮದ್ದು, ಆಮೇಲೆ ನಾಲ್ಕು ತಿಂಗಳು ಮೂರು ಮದ್ದು ಕೊಡುತ್ತಾರೆ. ಒಂದೇ ತಿಂಗಳಿಗೆ ಕೆಮ್ಮು ನಿಂತರೂ ಆರು ತಿಂಗಳು ಬಿಡುವ ಹಾಗಿಲ್ಲ. ಕಡ್ಲೆಕಾಯಿ ಬೆಳೆಯುವ ಮನೆಯವರು ಇದನ್ನು ಇನ್ನೂ ಬೇಗ ಅರ್ಥಮಾಡಿಕೊಳ್ಳುತ್ತಾರೆ: ವರ್ಷ ವರ್ಷ ಒಂದೇ ಕೀಟನಾಶಕ ಹೊಡೆದರೆ ಹುಳ ಅದಕ್ಕೆ ಒಗ್ಗಿಹೋಗುತ್ತದೆ.

ಮದ್ದುಗಳನ್ನು ಬೆರೆಸೋಕೆ ಇನ್ನೊಂದು ನಿಯಮ ಇದೆ. ಆದಷ್ಟು ಮಟ್ಟಿಗೆ ಒಂದೊಂದರ ತೊಂದರೆ ಒಂದೊಂದು ಅಂಗಕ್ಕೆ ಇರಬೇಕು. ಒಂದು ಹೃದಯಕ್ಕೆ, ಒಂದು ಕಿವಿಗೆ, ಒಂದು ಬಾಯಿಹುಣ್ಣಿಗೆ. ಎಲ್ಲವೂ ಒಂದೇ ಅಂಗದ ಮೇಲೆ ಬಿದ್ದರೆ ಯಾವುದನ್ನೂ ಸಾಕಷ್ಟು ಕೊಡೋಕೆ ಆಗೋದಿಲ್ಲ. ಮೂತ್ರಪಿಂಡಕ್ಕೆ ಮಾತ್ರ ಎರಡರ ಹೊಡೆತವೂ ಬೀಳುತ್ತದೆ, ಅದಕ್ಕೇ ಡ್ರಿಪ್ಪಿನಲ್ಲಿ ಅಷ್ಟೊಂದು ನೀರು ಹರಿಸೋದು.

ಮದ್ದು ಮೊದಲೋ, ಶಸ್ತ್ರಚಿಕಿತ್ಸೆ ಮೊದಲೋ? ಇದಕ್ಕೊಂದು ಸ್ವಾರಸ್ಯದ ಕಥೆ. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಕಾಲು ಕತ್ತರಿಸದೆ, ಕೆಟ್ಟ ಮೂಳೆ ಮಾತ್ರ ತೆಗೆದು ಲೋಹದ ಮೂಳೆ ಕೂಡಿಸುವ ಪ್ರಯತ್ನ ಶುರುವಾಗಿತ್ತು. ಒಬ್ಬೊಬ್ಬರ ಅಳತೆಗೆ ಆ ಲೋಹದ ಮೂಳೆ ತಯಾರಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನ ಸುಮ್ಮನೆ ಕೂರೋದು ಹೇಗೆ? ಜೆರಾಲ್ಡ್ ರೋಸೆನ್ ಅನ್ನುವ ವೈದ್ಯರು ಆ ಸಮಯದಲ್ಲೇ ಮದ್ದು ಕೊಡೋಕೆ ಶುರು ಮಾಡಿದರು. ಆಮೇಲೆ ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮದ್ದು ಎಷ್ಟು ಜೀವಕೋಶ ಕೊಂದಿದೆ ಅಂತ ಲೆಕ್ಕ ಸಿಗುತ್ತಿತ್ತು. 100ಕ್ಕೆ 90ಕ್ಕಿಂತ ಹೆಚ್ಚು ಸತ್ತಿದ್ದರೆ ಆ ರೋಗಿ ಬದುಕುವ ಸಂಭವ ಜಾಸ್ತಿ. ಕಾಯುವ ಅನಿವಾರ್ಯದಲ್ಲಿ ಹುಟ್ಟಿದ ಆ ಕ್ರಮವೇ ಈಗ ಪದ್ಧತಿ: ಎರಡು ಮೂರು ತಿಂಗಳು ಮದ್ದು, ಆಮೇಲೆ ಶಸ್ತ್ರಚಿಕಿತ್ಸೆ, ಆಮೇಲೆ ಮತ್ತೆ ಮದ್ದು. ಒಟ್ಟು ಆರೇಳು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ನಿಮ್ಮ ಒಂದು ಶಾಲಾ ವರ್ಷ ಅದರಲ್ಲೇ ಹೋಗುತ್ತದೆ.

ಹಾಗಾದರೆ ಮೂರರ ಬದಲು ಐದು ಮದ್ದು ಕೊಟ್ಟರೆ ಇನ್ನೂ ಒಳ್ಳೆಯದಲ್ಲವೇ ಅಂತ ಬುದ್ಧಿವಂತರು ಕೇಳುತ್ತೀರಿ. ವೈದ್ಯರೂ ಅದನ್ನೇ ಕೇಳಿಕೊಂಡರು. ಯುರೋಪು, ಅಮೆರಿಕ ಎಲ್ಲ ಸೇರಿ 17 ದೇಶಗಳ ಆಸ್ಪತ್ರೆಗಳು ಯುರಾಮೋಸ್-1 ಅನ್ನುವ ದೊಡ್ಡ ಪ್ರಯೋಗ ಮಾಡಿದವು. ಮೊದಲ ಮೂರು ಮದ್ದಿಗೆ ಗಡ್ಡೆ ಸರಿಯಾಗಿ ಸಾಯದೆ ಇದ್ದವರಲ್ಲಿ ಅರ್ಧ ಮಂದಿಗೆ ಐಫಾಸ್ಫಮೈಡ್, ಎಟೊಪೊಸೈಡ್ ಅನ್ನುವ ಇನ್ನೆರಡು ಮದ್ದು ಸೇರಿಸಿದರು. 2016ರಲ್ಲಿ ಬಂದ ಫಲಿತಾಂಶ: ಲಾಭ ಆಗಲಿಲ್ಲ, ತೊಂದರೆ ಮಾತ್ರ ಹೆಚ್ಚಾಯಿತು. ನನ್ನ ಮಟ್ಟಿಗೆ ಆ 17 ಮತ್ತು 66ರ ಪ್ರಯೋಗದಷ್ಟೇ ಬೆಲೆಯುಳ್ಳದ್ದು ಈ ಸೋಲು. ಹೆಚ್ಚು ಮದ್ದು ಅಂದರೆ ಹೆಚ್ಚು ಗುಣ ಅಂತಲ್ಲ. ಜಾಸ್ತಿ ಬಾಟಲ್ ಹಾಕಿದ ಡಾಕ್ಟರೇ ಒಳ್ಳೆ ಡಾಕ್ಟರ್ ಅನ್ನುವ ನಮ್ಮ ಊರಿನ ನಂಬಿಕೆಗೂ ಇದು ಉತ್ತರ.

ಇನ್ನು ಕಹಿ ವಿಷಯ. ಹರಡದೆ ಇರುವಾಗ, ಅಂದರೆ ಸ್ಕ್ಯಾನಿನಲ್ಲಿ ಹರಡಿದ್ದು ಕಾಣದೆ ಇರುವಾಗ, ಪೂರ್ತಿ ಚಿಕಿತ್ಸೆ ಪಡೆದ 100 ಮಂದಿಯಲ್ಲಿ ಸುಮಾರು 60-70 ಮಂದಿ ಐದು ವರ್ಷ ದಾಟುತ್ತಾರೆ. ಮೊದಲೇ ಶ್ವಾಸಕೋಶದಲ್ಲಿ ಗಂಟು ಕಂಡರೆ ಅದು 20-30ಕ್ಕೆ ಇಳಿಯುತ್ತದೆ. ಕೆನಡಾದ ಟೆರಿ ಫಾಕ್ಸ್ ಹೆಸರು ಕೇಳಿರಬಹುದು. 1977ರಲ್ಲಿ, 18ನೇ ವಯಸ್ಸಿನಲ್ಲಿ ಇದೇ ರೋಗಕ್ಕೆ ಬಲಗಾಲು ಕಳೆದುಕೊಂಡ ಹುಡುಗ. 1980ರಲ್ಲಿ ಕೃತಕ ಕಾಲು ಕಟ್ಟಿಕೊಂಡು, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸೋಕೆ 143 ದಿನ, 5,373 ಕಿಲೋಮೀಟರ್ ಓಡಿದ. ಶ್ವಾಸಕೋಶಕ್ಕೆ ಹರಡಿದ್ದು ಗೊತ್ತಾಗಿ ನಿಲ್ಲಿಸಬೇಕಾಯಿತು, 1981ರ ಜೂನಿನಲ್ಲಿ ತೀರಿಕೊಂಡ. ಹರಡಿದ ಮೇಲೂ ಕೈಚೆಲ್ಲುವ ಹಾಗಿಲ್ಲ. ಗಂಟುಗಳು ಕಡಿಮೆ ಇದ್ದರೆ ಎದೆಯ ಶಸ್ತ್ರಚಿಕಿತ್ಸೆ ಮಾಡಿ ಒಂದೊಂದನ್ನೂ ತೆಗೆದು, ಜೊತೆಗೆ ಮದ್ದು ಕೊಟ್ಟು ಗುಣ ಮಾಡಿದ ಉದಾಹರಣೆಗಳಿವೆ. ಆದರೂ ಒಂದು ಮಾತು ಮುಚ್ಚಿಡಬಾರದು: 1980ರ ದಶಕದಲ್ಲಿ ಏರಿದ ಆ 60-70ರ ಸಂಖ್ಯೆ ಆಮೇಲೆ ಹೆಚ್ಚೇನೂ ಮೇಲೆ ಹೋಗಿಲ್ಲ. ನಿಮ್ಮ ಅಪ್ಪ ಅಮ್ಮ ಮಕ್ಕಳಾಗಿದ್ದಾಗಿನ ಮದ್ದುಗಳೇ ಇವತ್ತಿಗೂ. ಅಪರೂಪದ ರೋಗಕ್ಕೆ ಹೊಸ ಮದ್ದು ಹುಡುಕೋದರಲ್ಲಿ ಕಂಪನಿಗಳಿಗೆ ಲಾಭ ಕಡಿಮೆ. ಈ ಕೆಲಸ ಸರ್ಕಾರದ ದುಡ್ಡಿನಲ್ಲೇ ಆಗಬೇಕು, ನಿಮ್ಮಲ್ಲಿ ಯಾರಾದರೂ ಮಾಡುವುದಾದರೆ ಇನ್ನೂ ಒಳ್ಳೆಯದು.

ಹೆಚ್ಚು ಪ್ರಮಾಣದ ಮೆಥೋಟ್ರೆಕ್ಸೇಟ್ ಕೊಡೋಕೆ ರಕ್ತ ಅಳೆಯಬೇಕು ಅಂದೆನಲ್ಲ. ನಮ್ಮ ದೇಶದ ಎಲ್ಲ ಆಸ್ಪತ್ರೆಗಳಲ್ಲಿ ಆ ಅನುಕೂಲ ಇಲ್ಲ, ಖರ್ಚೂ ಜಾಸ್ತಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ಅದನ್ನು ಬಿಟ್ಟು ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್, ಐಫಾಸ್ಫಮೈಡ್ ಇವುಗಳನ್ನು ಎರಡೆರಡಾಗಿ ಜೋಡಿಸಿ ಕೊಡುವ ಓಜಿಎಸ್-12 ಅನ್ನುವ ಕ್ರಮ ರೂಪಿಸಿ, ಒಳ್ಳೆಯ ಫಲಿತಾಂಶ ಪ್ರಕಟಿಸಿದ್ದಾರೆ. ಪರದೇಶದ ಪುಸ್ತಕದಲ್ಲಿ ಇರುವುದನ್ನು ಹಾಗೇ ನಕಲು ಮಾಡದೆ, ನಮ್ಮ ಆಸ್ಪತ್ರೆ, ನಮ್ಮ ಜನ, ನಮ್ಮ ಜೇಬು ನೋಡಿ ಯೋಚಿಸೋದೂ ವಿಜ್ಞಾನವೇ. ಇಂಥದ್ದಕ್ಕೆ ಪತ್ರಿಕೆಗಳಲ್ಲಿ ಮುಖಪುಟ ಸಿಗೋದಿಲ್ಲ, ಸಿಗಬೇಕಿತ್ತು.

ನಮ್ಮ ಹಿಂದೂಪುರ, ಮಡಕಶಿರಾ ಕಡೆಯವರಿಗೆ ಹತ್ತಿರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಬೆಂಗಳೂರಿನ ಕಿದ್ವಾಯಿ, ನಿಮ್ಹಾನ್ಸ್ ಪಕ್ಕದಲ್ಲಿ 1973ರಿಂದ ಇದೆ. ಹಿಂದೂಪುರದಿಂದ ರೈಲಿನಲ್ಲಿ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟಬಹುದು. ಕಲ್ಯಾಣದುರ್ಗದವರಿಗೆ ಇನ್ನಷ್ಟು ದೂರ. ಅಲ್ಲಿ ನಮ್ಮ ಕನ್ನಡ ನಡೆಯುತ್ತದೆ ಅನ್ನೋದು ಸಣ್ಣ ಅನುಕೂಲ ಅಲ್ಲ. ಆದರೆ ಮನೆ ಒಂದು ರಾಜ್ಯ, ಆಸ್ಪತ್ರೆ ಇನ್ನೊಂದು ರಾಜ್ಯ. 2007ರಲ್ಲಿ ಆರೋಗ್ಯಶ್ರೀ ಅನ್ನುವ ಹೆಸರಿನಲ್ಲಿ ಶುರುವಾದ ಯೋಜನೆ ನಮ್ಮ ರಾಜ್ಯದಲ್ಲಿ ಇದೆ, ಕ್ಯಾನ್ಸರ್ ಚಿಕಿತ್ಸೆ ಅದರೊಳಗೆ ಬರುತ್ತದೆ. ಯಾವ ಕಾರ್ಡು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ ಅಂತ ರೈಲು ಹತ್ತುವ ಮುಂಚೆ ಇಲ್ಲಿನ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿಕೊಳ್ಳಬೇಕು. ಕೇಳದೆ ಹೋಗಿ, ಎರಡು ಸುತ್ತು ಮದ್ದಿಗೆ ಇದ್ದ ದುಡ್ಡೆಲ್ಲ ಮುಗಿದು, ಮೂರನೇ ಸುತ್ತಿಗೆ ಹೋಗದೆ ನಿಂತುಬಿಡುವುದೇ ಅಪಾಯ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗಿರುವವರಿಗೂ ರೈಲಿನಲ್ಲಿ ದೊಡ್ಡ ರಿಯಾಯಿತಿ ಇದೆ, ಆಸ್ಪತ್ರೆಯಿಂದ ಪತ್ರ ಬರೆಸಿಕೊಂಡರೆ ಸಾಕು. ಗಡಿಯ ಎರಡೂ ಸರ್ಕಾರಗಳು ಕೂತು, ಮಕ್ಕಳ ಕ್ಯಾನ್ಸರಿನ ಮಟ್ಟಿಗಾದರೂ ಯಾವ ಕಾರ್ಡಾದರೂ ಎಲ್ಲಿಯಾದರೂ ನಡೆಯುವ ಹಾಗೆ ಮಾಡಬೇಕು. ಕ್ಯಾನ್ಸರ್ ಜೀವಕೋಶ ರಾಜ್ಯದ ಗಡಿ ನೋಡಿ ನಿಲ್ಲುವುದಿಲ್ಲ.

ನೋವು ಬಂದಾಗ ಏನು ನೋಡಬೇಕು? ಒಂದೇ ಜಾಗದಲ್ಲಿ ಎರಡು ಮೂರು ವಾರ ಆದರೂ ಹೋಗದ ನೋವು, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ದಿನದಿನಕ್ಕೆ ಗಟ್ಟಿಯಾಗುವ ಊತ. ಇವು ಇದ್ದರೆ ಒಂದು ಎಕ್ಸ್-ರೇ. "ಆಟದಲ್ಲಿ ಬಿದ್ದಿದ್ದ, ಅದಕ್ಕೇ" ಅಂತ ದೊಡ್ಡವರು ಸುಮ್ಮನಾಗುತ್ತಾರೆ. ಬಿದ್ದದ್ದರಿಂದ ಕ್ಯಾನ್ಸರ್ ಬರೋದಿಲ್ಲ, ಬಿದ್ದ ಕಾರಣಕ್ಕೆ ಅಲ್ಲಿಗೆ ಕಣ್ಣು ಹೋಗುತ್ತದೆ ಅಷ್ಟೆ. ನಮ್ಮ ಕಡೆ ಕೈಕಾಲಿಗೆ ಏನಾದರೂ ಮೊದಲು ನೆನಪಾಗೋದು ಪುತ್ತೂರು ಕಟ್ಟು. ಆ ಪರಂಪರೆಯ ಬಗ್ಗೆ ಹಗುರವಾಗಿ ಮಾತಾಡೋಕೆ ನನಗೆ ಇಷ್ಟವಿಲ್ಲ. ಆದರೆ ಮುರಿಯದೆ ಊದಿದ ಮೂಳೆಗೆ ಎಣ್ಣೆ ಹಚ್ಚಿ ತಿಕ್ಕಿಸೋದು, ಬಿಗಿದು ಕಟ್ಟಿಸೋದು ಮಾಡಿದರೆ ವಾರಗಟ್ಟಲೆ ಸಮಯ ಹೋಗುತ್ತದೆ. ಮೊದಲು ಎಕ್ಸ್-ರೇ, ಮಿಕ್ಕಿದ್ದು ಆಮೇಲೆ. ಬಯಾಪ್ಸಿಗೆ ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಅನ್ನುವ ಭಯವೂ ಇದೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಆ ಭಯ ಬೇಡ. ಅದು ಇಲ್ಲದೆ ಯಾವ ಮದ್ದು ಅಂತಲೇ ಗೊತ್ತಾಗೋದಿಲ್ಲ. ಮುಂದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲೇ ಮಾಡಿಸಬೇಕು ಅನ್ನೋದು ಮಾತ್ರ ಮುಖ್ಯ. ಅಡ್ಡಾದಿಡ್ಡಿ ಚುಚ್ಚಿದರೆ ಉಳಿಸಬಹುದಾದ ಕಾಲು ಉಳಿಸೋಕೆ ಆಗದೆ ಹೋಗಬಹುದು.

ನಿಮ್ಮ ತರಗತಿಯಲ್ಲೇ ಒಬ್ಬರು ಈ ಚಿಕಿತ್ಸೆಯಲ್ಲಿದ್ದರೆ? ಕೂದಲು ಹೋಗಿರುತ್ತದೆ, ಮತ್ತೆ ಬರುತ್ತದೆ. ಇದು ಅಂಟುರೋಗ ಅಲ್ಲ, ಪಕ್ಕದಲ್ಲಿ ಕೂತರೆ, ಒಂದೇ ಡಬ್ಬಿಯ ಊಟ ಹಂಚಿಕೊಂಡರೆ ನಿಮಗೆ ಬರೋದಿಲ್ಲ. ನಿಮ್ಮಿಂದ ಅವರಿಗೆ ಬರಬಹುದು, ಅದು ಬೇರೆ ವಿಷಯ. ಮದ್ದು ಹಾಕಿಸಿಕೊಂಡು ಒಂದು ವಾರದ ಹೊತ್ತಿಗೆ ಅವರ ರಕ್ತದಲ್ಲಿ ಬಿಳಿ ರಕ್ತಕಣಗಳು ತೀರಾ ಕಡಿಮೆ ಆಗಿರುತ್ತವೆ. ನಿಮಗೆ ಸಾಮಾನ್ಯ ನೆಗಡಿಯಾದದ್ದು ಅವರಿಗೆ ಆಸ್ಪತ್ರೆಯ ಪಾಲಾಗುವ ಜ್ವರ ಆಗಬಹುದು. ಆ ದಿನಗಳಲ್ಲಿ ಅವರಿಗೆ ಜ್ವರ ಬಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅವತ್ತೇ ಆಸ್ಪತ್ರೆಗೆ. ಆದ್ದರಿಂದ ನೆಗಡಿ, ಕೆಮ್ಮು, ಸೀತಾಳೆ ಸಿಡುಬು ಇದ್ದವರು ನೋಡೋಕೆ ಹೋಗಬೇಡಿ, ಫೋನ್ ಮಾಡಿ ಮಾತಾಡಿ. ಆ ದಿನದ ಗಣಿತದ ನೋಟ್ಸನ್ನು ಫೋಟೋ ತೆಗೆದು ಸಂಜೆ ಅವರ ಅಮ್ಮನ ಫೋನಿಗೆ ಕಳಿಸಿ. ಹಾಜರಾತಿ ಕಡಿಮೆಯಾದರೂ ಪರೀಕ್ಷೆಗೆ ಕೂರಿಸುವ ದಾರಿ ಏನಿದೆ ಅಂತ ಮುಖ್ಯೋಪಾಧ್ಯಾಯರ ಹತ್ತಿರ ವಿಚಾರಿಸೋದು ನಮ್ಮ ಕೆಲಸ, ಅದನ್ನು ನಾವು ಮೇಷ್ಟ್ರುಗಳು ನೋಡಿಕೊಳ್ಳುತ್ತೇವೆ.